ಉಪಗ್ರಹಕ್ಕೆ ಕಾಣುವ ಕಾಡು

ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಎರಡು ವರ್ಷಗಳಿಗೊಮ್ಮೆಯಂತೆ ದೇಶದ ಅರಣ್ಯಸ್ಥಿತಿಯ ವರದಿಯನ್ನು ಹೊರಡಿಸುತ್ತ ಬಂದಿದೆ. ಕರ್ನಾಟಕದ ಅರಣ್ಯಾವರಣವು 2019ರ ವರದಿಯಲ್ಲಿದ್ದುದಕ್ಕಿಂತ 155 ಚದರ ಕಿಲೋಮೀಟರುಗಳಷ್ಟು ಹೆಚ್ಚಿತೆಂದು 2021ರ ವರದಿಯು ಸಾರಿದಾಗ ಸಂತೋಷಪಡದವರಾರು? ಆದರೆ ಅಲ್ಲಿ ಅರಣ್ಯವೆಂದು ಎಣಿಸಿರುವುದು ಯಾವುದನ್ನು ಎಂದು ಕೇಳುವುದು ನಮ್ಮ ಕರ್ತವ್ಯ.

ಯಂತ್ರದಲ್ಲಿ ದೋಷವಿದೆಯೆಂದು ನಾವು ಹೇಳುವುದಿಲ್ಲ. ಆರೋಗ್ಯವುಳ್ಳ ಎಲೆಯು ಬಿಸಿಲಿನೊಳಗಣ ಕೆಂಪನ್ನು ತನ್ನ ಆಹಾರಕ್ಕಾಗಿ ಹೀರಿಕೊಂಡು, ಅದರ ನೆರೆಯಲ್ಲಿದ್ದೂ ನಮ್ಮ ಕಣ್ಣಿಗೆ ಗೋಚರಿಸದ ಅವಕೆಂಪು ಕಿರಣವನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ರೋಗವೋ ಬರವೋ ತಟ್ಟಿದರೆ ಈ ಎರಡರ ಅಂತರವು ಕುಗ್ಗುತ್ತದೆ. ಆ ಅಂತರವನ್ನು ಉಪಗ್ರಹವು ಅಳೆಯುವುದರಿಂದಲೇ ಕಾಡಿನ ಕಸುವು, ಬೆಳವಣಿಗೆಗಳು ನಮಗೆ ತಿಳಿಯುತ್ತವೆ. ಕಾಡ್ಗಿಚ್ಚಿನ ಸುದ್ದಿಯು ಸಹ ಇಂದು ಆಕಾಶದಿಂದಲೇ ಅರಣ್ಯಾಧಿಕಾರಿಗಳ ಫೋನಿಗೆ ಬರುತ್ತದೆ. ಇಂಥ ಕೆಲಸಕ್ಕಾಗಿ 1988ರಲ್ಲಿ ಉಡಾವಣೆಗೊಂಡ ಐ.ಆರ್.ಎಸ್.-1ಎ ಉಪಗ್ರಹವನ್ನು ನಿರ್ಮಿಸಿದ ಇಸ್ರೋ ಸಂಸ್ಥೆಯ ಕೇಂದ್ರಸ್ಥಾನವು ನಮ್ಮ ಬೆಂಗಳೂರೇ ಎಂಬುದು ಅಭಿಮಾನದ ಸಂಗತಿ.

ದೋಷವಿರುವುದು ವ್ಯಾಖ್ಯೆಯಲ್ಲಿ. ಒಂದು ಹೆಕ್ಟೇರಿಗೆ ಕಡಮೆಯಿಲ್ಲದ ನೆಲದಲ್ಲಿ ಶೇಕಡ 10ರಷ್ಟಾದರೂ ಮರಗಳ ನೆರಳು ಕವಿದಿದ್ದರೆ, ಒಡೆಯನು ಯಾರೇ ಆಗಲಿ, ಮರವು ಯಾವುದೇ ಆಗಲಿ, ಅದು ಅರಣ್ಯಾವರಣ! ಕೊಡಗಿನ ಕಾಫಿ ತೋಟವೂ ಮಲೆನಾಡಿನ ಅಡಿಕೆ ತೋಟವೂ ಈ ಲೆಕ್ಕದೊಳಗೆ ಬರಬಲ್ಲವು. ಬೆಳೆಗಾರರ ಮೇಲೆ ನಮಗೆ ಮುನಿಸಿಲ್ಲ. ಅವರ ನೆರಳಿನ ಮರಗಳು ಎಷ್ಟೋ ಹಕ್ಕಿಗಳಿಗೆ ಆಶ್ರಯವಿತ್ತಿವೆ. ಆದರೆ ತೋಟವನ್ನು ತೋಟವೆಂದೇ ಕರೆಯಬೇಡವೆ? ದಾಖಲಾದ ಅರಣ್ಯದ ಒಳಗಣ ಹೊರಗಣ ಅಂಕಿಗಳನ್ನು ವರದಿಯು ಬೇರ್ಪಡಿಸಿ ಕೊಟ್ಟಿರುವುದುಂಟು. ಅಷ್ಟರಿಂದ ಸಾಲದು, ಗಡಿಯ ಒಳಗೂ ಸರಕಾರವೇ ನೆಟ್ಟ ನೀಲಗಿರಿ, ಅಕೇಶಿಯ ತೋಪುಗಳಿವೆ.

ಬಂಡೀಪುರವನ್ನು ನೋಡಿರಿ. ಅಮೆರಿಕ ಖಂಡದಿಂದ ಬಂದ ಲಂಟಾನವು ಅಲ್ಲಿ ಮರಗಳ ಬುಡವನ್ನೆಲ್ಲ ಮುತ್ತಿ ಹುಲ್ಲನ್ನು ಅಡಗಿಸಿದೆ. ಜಿಂಕೆಗೆ ಮೇವಿಲ್ಲ, ಎಳೆ ಸಸಿಗೆ ಬಿಸಿಲಿಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಮರಗಳ ನೆತ್ತಿಯು ಕಾಣುವುದು, ಬುಡವು ಕಾಣದು. ತೆರಪಿನಲ್ಲಿ ಪೊದೆಯು ಕಂಡರೂ ಹಸುರೆಂದೇ ತೋರುವುದು. ಕಾಡಿನ ಕಾವಲುಗಾರನು ಅರ್ಧ ಗಂಟೆ ನಡೆದರೆ ಕಾಣುವ ಈ ಕೇಡನ್ನು ಶೇಕಡವಾರು ಅಂಕಿಯು ಮುಚ್ಚಿಬಿಡುತ್ತದೆ. ವರದಿಯು ತನ್ನ ವ್ಯಾಖ್ಯೆಯನ್ನು ಬಚ್ಚಿಟ್ಟಿಲ್ಲ. ಅದನ್ನು ಓದದೆ ಅಂಕಿಯೊಂದನ್ನೇ ವೇದಿಕೆಯ ಮೇಲೆ ಎತ್ತಿ ಹಿಡಿಯುವವರದೇ ತಪ್ಪು.

ಮುಂದಿನ ವರದಿಯು ಬಂದೊಡನೆ ನಮ್ಮ ಅರಣ್ಯ ಇಲಾಖೆಯು ಸಹಜಾರಣ್ಯವೆಷ್ಟು, ನೆಡುತೋಪುಗಳೆಷ್ಟು, ಲಂಟಾನವು ಆಕ್ರಮಿಸಿದುದೆಷ್ಟು ಎಂಬುದನ್ನು ಕಾಲ್ನಡೆಯ ತಪಾಸಣೆಯಿಂದ ಖಚಿತಪಡಿಸಿಕೊಂಡು, ತಾಲ್ಲೂಕುವಾರಾಗಿ, ಕನ್ನಡದಲ್ಲಿ ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.