ನ್ಯೂಜೆರ್ಸಿ ಸಂಸ್ಥಾನದ ಒಡೆದ ಮತ: ೧೮೬೦

೧೮೬೦ರ ನವೆಂಬರ್ ೬ರಂದು ನಡೆದ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ನರು ಉತ್ತರದ ಮುಕ್ತ ಸಂಸ್ಥಾನಗಳನ್ನೆಲ್ಲ ಗೆದ್ದರೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತಿಗೆ ಒಂದು ಅಪವಾದವಿದೆ. ಹದಿನೆಂಟು ಮುಕ್ತ ಸಂಸ್ಥಾನಗಳಲ್ಲಿ ಹದಿನೇಳು ಪೂರ್ಣವಾಗಿ ಅವರ ಪಾಲಾದುವು. ನ್ಯೂಜೆರ್ಸಿಯ ಏಳು ನಿರ್ವಾಚಕ ಮತಗಳಲ್ಲಿ ಮಾತ್ರ ನಾಲ್ಕು ಲಿಂಕನ್ನರಿಗೂ ಮೂರು ಸ್ಟೀಫನ್ ಡಗ್ಲಾಸರಿಗೂ ಸಂದುವು. ಅಲ್ಲಿ ಲಿಂಕನ್ನರ ಪಕ್ಷಕ್ಕೆ ದೊರೆತ ಜನಮತವಾದರೋ ನೂರಕ್ಕೆ ಸುಮಾರು ೪೮. ಅರ್ಧಕ್ಕಿಂತ ಕಡಮೆ ಮತ ಪಡೆದ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ದೊರೆತುದು ಹೇಗೆ?

ಅಮೆರಿಕದ ಮತದಾರನು ಅಧ್ಯಕ್ಷನನ್ನು ನೇರವಾಗಿ ಆರಿಸುವುದಿಲ್ಲ, ನಿರ್ವಾಚಕರನ್ನು ಆರಿಸುತ್ತಾನೆ. ಅಂದು ಮತಪತ್ರಗಳನ್ನು ಪಕ್ಷಗಳೇ ಅಚ್ಚುಮಾಡಿ ಹಂಚುತ್ತಿದ್ದುವು. ಪ್ರತಿಯೊಬ್ಬ ನಿರ್ವಾಚಕನಿಗೆ ಬಿದ್ದ ಮತಗಳನ್ನೂ ಬೇರೆಬೇರೆಯಾಗಿ ಎಣಿಸುತ್ತಿದ್ದರು. ಲಿಂಕನ್ನರ ವಿರೋಧಿಗಳು ಮೂರು ಬಣಗಳಾಗಿದ್ದರು. ನ್ಯೂಜೆರ್ಸಿಯಲ್ಲಿ ಅವರು ಒಂದಾಗಿ, ಡಗ್ಲಾಸರ ಪರವಾಗಿ ಮೂವರು, ಬ್ರೆಕಿನ್‌ರಿಜ್ ಮತ್ತು ಬೆಲ್ ಇವರ ಪರವಾಗಿ ಇಬ್ಬಿಬ್ಬರು, ಹೀಗೆ ಏಳು ಮಂದಿಯ ಸಂಯುಕ್ತ ಪಟ್ಟಿಯನ್ನು ನಿಲ್ಲಿಸಿದರು. ಆದರೆ ಡಗ್ಲಾಸರ ಅನುಯಾಯಿಗಳಲ್ಲಿ ಕೆಲವರು ಈ ಒಪ್ಪಂದಕ್ಕೆ ಮಣಿಯಲಿಲ್ಲ. ತಮ್ಮವರಾದ ಆ ಮೂವರನ್ನು ಉಳಿಸಿಕೊಂಡು, ಮಿಕ್ಕ ನಾಲ್ವರ ಬದಲು ತಮ್ಮ ಕಡೆಯ ಬೇರೆ ನಾಲ್ವರನ್ನು ಸೇರಿಸಿ, ಪ್ರತ್ಯೇಕ ಪಟ್ಟಿಯನ್ನು ಹಂಚಿದರು. ಪರಿಣಾಮವಾಗಿ ಎರಡು ಪಟ್ಟಿಗಳ ಮತಗಳನ್ನೂ ಪಡೆದ ಮೂವರು ಗೆದ್ದರು. ಒಂದೇ ಪಟ್ಟಿಯನ್ನು ನೆಚ್ಚಿದ ನಾಲ್ವರು ಲಿಂಕನ್ನರ ನಿರ್ವಾಚಕರಿಗಿಂತ ಹಿಂದೆ ಬಿದ್ದರು.

ಇಂಥ ಒಕ್ಕೂಟದ ಉದ್ದೇಶವನ್ನು ನಾವು ಮರೆಯಬಾರದು. ಒಟ್ಟು ೩೦೩ ನಿರ್ವಾಚಕ ಮತಗಳಲ್ಲಿ ಯಾರಿಗೂ ೧೫೨ ದೊರೆಯದಿದ್ದರೆ ಆಯ್ಕೆಯ ಅಧಿಕಾರ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು. ಲಿಂಕನ್ನರು ಪಡೆದುದು ೧೮೦. ನ್ಯೂಜೆರ್ಸಿಯ ನಾಲ್ಕನ್ನು ಕಳೆದರೂ ೧೭೬ ಉಳಿಯುತ್ತಿತ್ತು. ಆದುದರಿಂದ ಅಲ್ಲಿಯ ಒಡಕು ದೇಶದ ಫಲಿತಾಂಶವನ್ನು ನಿರ್ಧರಿಸಲಿಲ್ಲ. ಆದರೆ ವಿರೋಧಿಗಳ ಒಕ್ಕೂಟ ನ್ಯೂಯಾರ್ಕಿನಲ್ಲಿಯೂ ಇದ್ದಿತು. ಅಲ್ಲಿಯ ೩೫ ಮತಗಳು ಕೈತಪ್ಪಿದ್ದರೆ ಲಿಂಕನ್ನರಿಗೆ ಉಳಿಯುತ್ತಿದ್ದುದು ೧೪೫ ಮಾತ್ರ. ಆದಕಾರಣ ವಿರೋಧಿಗಳ ಲೆಕ್ಕಾಚಾರವನ್ನು ಕೇವಲ ಹುಚ್ಚುಸಾಹಸವೆಂದು ತಳ್ಳಿಹಾಕುವಂತಿಲ್ಲ. ಅದನ್ನು ಕೆಡಿಸಿದುದು ನ್ಯೂಯಾರ್ಕಿನಲ್ಲಿ ಲಿಂಕನ್ನರಿಗೆ ಲಭಿಸಿದ ಸ್ಪಷ್ಟ ಬಹುಮತ.

ನಾಲ್ಕು, ಮೂರು ಎಂಬ ಅಂಕಿಗಳನ್ನಷ್ಟೇ ಕಂಡು, ನ್ಯೂಜೆರ್ಸಿಯ ಜನ ಲಿಂಕನ್ನರ ಕಡೆಗೆ ಕೊಂಚ ಒಲಿದಿದ್ದರೆಂದು ಬರೆದರೆ ಪ್ರಮಾದವಾದೀತು. ೧೮೬೪ರಲ್ಲಿ ಅದೇ ಸಂಸ್ಥಾನ ತನ್ನ ಏಳು ಮತಗಳನ್ನೂ ಅವರ ಪ್ರತಿಸ್ಪರ್ಧಿ ಮೆಕ್ಲೆಲನ್ನರಿಗೆ ಕೊಟ್ಟಿತು. ಚುನಾವಣೆಯ ಅಂಕಿಗಳು ಜನಾಭಿಪ್ರಾಯದ ಜೊತೆಗೆ ಎಣಿಕೆಯ ವಿಧಾನವನ್ನೂ ಒಳಗೊಂಡಿರುತ್ತವೆ. ಮೊತ್ತವನ್ನು ನೋಡುವ ಮೊದಲು ಪಟ್ಟಿಯನ್ನು ನೋಡುವುದು ವಿದ್ಯಾರ್ಥಿಗೆ ಅವಶ್ಯಕವೆಂದು ನಾವು ಭಾವಿಸುತ್ತೇವೆ.