ಹೆಚ್ಚು ಅಶ್ವಶಕ್ತಿಯ ಇಂಜಿನ್: ಬಿಡಿಭಾಗಗಳ ಹೊಂದಾಣಿಕೆಯೇ ನಿರ್ಣಾಯಕ

ಕಾರಿನ ಇಂಜಿನ್ನಿನ ಅಶ್ವಶಕ್ತಿ ಹೆಚ್ಚಿಸಬಯಸುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಗಟ್ಟಿಮುಟ್ಟಾದ ಪಿಸ್ಟನ್, ಕ್ರ್ಯಾಂಕ್‌ಶಾಫ್ಟುಗಳನ್ನು. ಆದರೆ ಬಿಡಿಬಿಡಿಯಾಗಿ ಉತ್ತಮವಾದ ಭಾಗಗಳೂ ಅಳತೆಯಲ್ಲಿ ಪರಸ್ಪರ ಹೊಂದದಿದ್ದರೆ ಇಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಒಡೆದುಹೋಗಬಹುದು. ಅಮೆರಿಕದ ಹವ್ಯಾಸಿಗಳಲ್ಲಿ ದಶಕಗಳಿಂದ ಜನಪ್ರಿಯವಾಗಿರುವ ‘383 ಸ್ಟ್ರೋಕರ್’ ಇದಕ್ಕೆ ಒಳ್ಳೆಯ ನಿದರ್ಶನ.

1967ರಲ್ಲಿ ಕಮಾರೊ ಕಾರಿನಲ್ಲಿ ಬಂದ ಷೆವರ್ಲೆಯ 350 ಘನ ಅಂಗುಲದ, ಅಂದರೆ 5.7 ಲೀಟರಿನ ವಿ8 ಇಂಜಿನ್ ಇದರ ಮೂಲ. ಅದರ 101.6 ಮಿ.ಮೀ. ಸಿಲಿಂಡರನ್ನು 102.4 ಮಿ.ಮೀ.ಗೆ ಬೋರ್ ಮಾಡಿ, 1970ರಲ್ಲಿ ಬಂದ 400 ಘನ ಅಂಗುಲದ ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಅಳವಡಿಸಿದರೆ ಸ್ಟ್ರೋಕ್ 88.4ರಿಂದ 95.25 ಮಿ.ಮೀ.ಗೆ ಏರುತ್ತದೆ. ಗಾತ್ರ 6.3 ಲೀಟರ್ ಆಗುತ್ತದೆ. ಬೋರ್ ಮಾಡಿಸುವುದು ನಮ್ಮ ದ್ವಿಚಕ್ರ ವಾಹನ ಸವಾರರಿಗೂ ಗೊತ್ತಿರುವ ಕೆಲಸವೇ. ತೊಡಕು ಶುರುವಾಗುವುದು ಕ್ರ್ಯಾಂಕ್‌ಶಾಫ್ಟಿನಿಂದ.

400ರ ಕ್ರ್ಯಾಂಕ್‌ಶಾಫ್ಟಿನಲ್ಲಿ ಬ್ಲಾಕಿನ ಬೇರಿಂಗುಗಳೊಳಗೆ ಕೂರುವ ಭಾಗದ ವ್ಯಾಸ 67.3 ಮಿ.ಮೀ. ಆದರೆ 350ರ ಬ್ಲಾಕಿಗೆ ಬೇಕಿರುವುದು 62.2 ಮಿ.ಮೀ. ಹಿಂದೆ ಇದನ್ನು ಯಂತ್ರದಲ್ಲಿ ಸವೆಸಿ ಕೂರಿಸುತ್ತಿದ್ದರು; ಈಗ ಸರಿಯಾದ ಅಳತೆಯದೇ ಸಿದ್ಧವಾಗಿ ದೊರೆಯುತ್ತದೆ. ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. 1986ರಿಂದ ಹಿಂಬದಿಯ ಆಯಿಲ್ ಸೀಲಿನ ವಿನ್ಯಾಸ ಬದಲಾಗಿರುವುದರಿಂದ ಬ್ಲಾಕ್ ಯಾವ ವರ್ಷದ್ದೆಂಬುದನ್ನೂ ನೋಡಿಯೇ ಕ್ರ್ಯಾಂಕ್‌ಶಾಫ್ಟ್ ಕೊಳ್ಳಬೇಕಾಗುತ್ತದೆ.

ಪಿಸ್ಟನ್ ಆಯ್ಕೆಯಂತೂ ಶುದ್ಧ ಲೆಕ್ಕಾಚಾರ. ಕ್ರ್ಯಾಂಕಿನ ಮಧ್ಯದಿಂದ ಬ್ಲಾಕಿನ ಮೇಲ್ಮೈಗೆ ಇರುವ ಎತ್ತರ 229.2 ಮಿ.ಮೀ. ಸ್ಟ್ರೋಕಿನ ಅರ್ಧ 47.6, ಕನೆಕ್ಟಿಂಗ್ ರಾಡ್ 144.8, ಪಿಸ್ಟನ್ನಿನ ಪಿನ್ನಿನಿಂದ ತುದಿಯವರೆಗೆ 36.2, ಒಟ್ಟು 228.6 ಮಿ.ಮೀ. ಇದು ಸರಿಹೋಗುತ್ತದೆ. ಹಳೆಯ 350ರ ಪಿಸ್ಟನ್ನಿನಲ್ಲಿ ಈ ಕೊನೆಯ ಅಳತೆ 39.6 ಮಿ.ಮೀ. ಅದನ್ನೇ ಬಳಸಿದರೆ ಪಿಸ್ಟನ್ ಬ್ಲಾಕಿನಿಂದ 2.8 ಮಿ.ಮೀ. ಹೊರಚಾಚಿ ಹೆಡ್ಡಿಗೆ ಬಡಿಯುವ ಅಪಾಯವಿದೆ. ಪಿಸ್ಟನ್ ಎಷ್ಟು ಗಟ್ಟಿಯಾಗಿದ್ದರೂ ಈ ಅಳತೆಗೆ ವಿನಾಯಿತಿಯಿಲ್ಲ.

ಗಾತ್ರ ಹೆಚ್ಚಿದಂತೆ ಸಂಪೀಡನವೂ ಏರುತ್ತದೆ. ಮಟ್ಟಸವಾದ ಪಿಸ್ಟನ್ನಿನೊಂದಿಗೆ 64 ಸಿಸಿ ದಹನಕೋಶದ ಹೆಡ್ ಬಳಸಿದರೆ ಅನುಪಾತ ಸುಮಾರು 10.4:1, 76 ಸಿಸಿಯದಾದರೆ ಸುಮಾರು 9.2:1. ಟರ್ಬೊ ಅಳವಡಿಸುವ ಉದ್ದೇಶವಿದ್ದವರಿಗೆ ಎರಡನೆಯದೇ ಕ್ಷೇಮ. ಅವರು ಪಿಸ್ಟನ್ ರಿಂಗಿನ ತುದಿಗಳ ನಡುವೆ ಹೆಚ್ಚಿನ ಅಂತರವನ್ನೂ ಬಿಡಬೇಕು. ಇಲ್ಲದಿದ್ದರೆ ಶಾಖಕ್ಕೆ ಹಿಗ್ಗಿದ ತುದಿಗಳು ಪರಸ್ಪರ ಒತ್ತಿಕೊಂಡು ಪಿಸ್ಟನ್ನನ್ನೇ ಒಡೆಯುತ್ತವೆ.

ನಿಮಿಷಕ್ಕೆ 6,000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.7ರಿಂದ 19 ಮೀಟರಿಗೆ ಏರುತ್ತದೆ. ರಾಡ್ ಮತ್ತು ಅದರ ಬೋಲ್ಟುಗಳ ಮೇಲಿನ ಎಳೆತ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಗರಿಷ್ಠ ಸುತ್ತು ಎಷ್ಟೆಂದು ಮೊದಲೇ ನಿರ್ಧರಿಸದೆ ರಾಡ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ರಾಡ್ ತುಂಡಾದರೆ ಬ್ಲಾಕೂ ತೂತಾಗುವುದೇ ಹೆಚ್ಚು.

400ರ ಕ್ರ್ಯಾಂಕ್‌ಶಾಫ್ಟಿಗೆ ಸಮತೋಲನದ ಭಾರ ಹೊರಗಿನ ಡ್ಯಾಂಪರ್ ಮತ್ತು ಫ್ಲೈವೀಲಿನಲ್ಲಿರುತ್ತದೆ. ಹಳೆಯ 350ರವನ್ನು ಅದಕ್ಕೆ ಜೋಡಿಸುವಂತಿಲ್ಲ. ಉದ್ದ ಸ್ಟ್ರೋಕಿನ ರಾಡ್ ಬೋಲ್ಟುಗಳು ಕ್ಯಾಮ್‌ಶಾಫ್ಟಿಗೂ ಬ್ಲಾಕಿನ ಕೆಳ ಅಂಚಿಗೂ ತಾಗುವ ಸಂಭವವಿದ್ದು, ಬ್ಲಾಕನ್ನು ಅಲ್ಲಲ್ಲಿ ಕೊರೆಯಬೇಕಾಗುತ್ತದೆ. ಹೀಗಾಗಿ ಅನುಭವಿ ಮೆಕ್ಯಾನಿಕ್‌ಗಳು ಅಂತಿಮ ಜೋಡಣೆಗೆ ಮುನ್ನ ಒಮ್ಮೆ ಎಲ್ಲವನ್ನೂ ಹಗುರವಾಗಿ ಕೂರಿಸಿ, ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿ ಇಟ್ಟು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸುತ್ತಾರೆ. ಹೆಡ್ ಬಿಚ್ಚಿದಾಗ ಜೇಡಿಯಲ್ಲಿ ಮೂಡಿದ ಅಚ್ಚಿನ ದಪ್ಪವೇ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ನಿಜವಾದ ಅಂತರ.