ಎಲ್ಲ ಸ್ಥಿತಿಗಳಲ್ಲೂ ಕೃತಜ್ಞತೆ ಸಾಧ್ಯವೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ನಿಂತು ಜನರ ಯೋಗಕ್ಷೇಮ ವಿಚಾರಿಸುವುದು ನಮ್ಮ ರೂಢಿ. ‘ಹೇಗಿದ್ದೀರಿ?’ ಎಂದು ಕೇಳಿದರೆ ಬಳ್ಳಾರಿ ಸೀಮೆಯಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ‘ಏನೋ, ನಡೀತೈತ್ರಿ ಫಾದರ್.’ ಅದರ ಹಿಂದೆಯೇ ದೂರುಗಳ ಸಾಲು ಹೊರಡುತ್ತದೆ. ಬೇಸಿಗೆಯಲ್ಲಿ ಬಿಸಿಲಿನ ಮೇಲೆ ದೂರು, ಮಳೆಗಾಲದಲ್ಲಿ ಬಾರದ ಮಳೆಯ ಮೇಲೆ ದೂರು, ಮಳೆ ಬಂದರೆ ರಸ್ತೆಯ ಮೇಲೆ ದೂರು. ಹೀಗೆ ಹೇಳುವವರು ಅರ್ಧ ಗಂಟೆಯ ಹಿಂದಷ್ಟೇ ಪೂಜಾಪೀಠದ ಮುಂದೆ ನಿಂತು, ದೇವರಿಗೆ ಸರ್ವದಾ ಕೃತಜ್ಞತೆ ಸಲ್ಲಿಸುವುದು ತಕ್ಕದ್ದೆಂದು ಒಕ್ಕೊರಲಿನಿಂದ ಒಪ್ಪಿಕೊಂಡವರೇ. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ವಿದ್ಯುತ್ ಹೋದಾಗ ಗುರುನಿವಾಸದಿಂದ ಹೊರಡುವ ಉದ್ಗಾರಗಳು ಕೀರ್ತನೆಗಳ ಗ್ರಂಥದಿಂದ ಆಯ್ದವೇನಲ್ಲ.

ಸಂತ ಪೌಲರು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಮೂರು ಚಿಕ್ಕ ಆಜ್ಞೆಗಳಿವೆ. ಯಾವಾಗಲೂ ಸಂತೋಷದಿಂದಿರುವುದು, ಎಡೆಬಿಡದೆ ಪ್ರಾರ್ಥಿಸುವುದು, ಎಲ್ಲ ಸ್ಥಿತಿಗಳಲ್ಲೂ ಕೃತಜ್ಞರಾಗಿರುವುದು. ಕ್ರಿಸ್ತಶಕ 50ರ ಆಸುಪಾಸಿನಲ್ಲಿ ಬರೆಯಲಾದ ಈ ಪತ್ರವೇ ಹೊಸ ಒಡಂಬಡಿಕೆಯ ಬರಹಗಳಲ್ಲಿ ಅತ್ಯಂತ ಹಳೆಯದೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮೇಲುನೋಟಕ್ಕೆ ಈ ಮೂರು ಆಜ್ಞೆಗಳು ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಲು ತಕ್ಕ ಮಾತುಗಳಂತೆ ಕಾಣುತ್ತವೆ. ಅನೇಕ ಮನೆಗಳಲ್ಲಿ ಅವು ಹಾಗೆಯೇ ತೂಗಾಡುತ್ತಲೂ ಇವೆ. ನಾವೂ ಬಹುಕಾಲ ಅವನ್ನು ಹಾಗೆಯೇ ಬಳಸಿದೆವು. ಅದರಿಂದಾದ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳುವುದು ಇಂದಿನ ಲೇಖನದ ಮೊದಲ ಕೆಲಸ.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯನ್ನು ಹಿರಿಯರು ಮರೆತಿರಲಾರರು. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ದಡ ಮೀರಿ ಹರಿದು ಊರುಗಳಿಗೂ ಗದ್ದೆಗಳಿಗೂ ನುಗ್ಗಿತು. ಆಗ ನಮಗೆ ಗುರುದೀಕ್ಷೆಯಾಗಿ ಹೆಚ್ಚು ವರ್ಷಗಳು ಕಳೆದಿರಲಿಲ್ಲ. ಸೆಮಿನರಿಯಲ್ಲಿ ಕಲಿತ ತತ್ವಶಾಸ್ತ್ರ ತಲೆಯಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ನೀರು ಇಳಿದ ಮೇಲೆ ಸಿರುಗುಪ್ಪದ ಕಡೆಯ ಒಂದು ಕುಟುಂಬವನ್ನು ಕಾಣಲು ಹೋದೆವು. ಮಣ್ಣಿನ ಗೋಡೆ ಕುಸಿದಿತ್ತು. ತೆನೆ ಕಟ್ಟುತ್ತಿದ್ದ ಭತ್ತ ಕೆಸರಿನಲ್ಲಿ ಮಲಗಿತ್ತು. ಕಾಳಿನ ಚೀಲಗಳು ನೆನೆದು ಮೊಳಕೆಯ ವಾಸನೆ ಬರುತ್ತಿತ್ತು. ಮನೆಯ ಅಜ್ಜಿ ಒದ್ದೆ ಚೀಲವೊಂದರ ಮೇಲೆ ಕುಳಿತಿದ್ದರು. ನಾವು ಅವರ ಪಕ್ಕದಲ್ಲಿ ನಿಂತು, ‘ಪ್ರಾಣಗಳು ಉಳಿದವಲ್ಲ, ಅಜ್ಜಿ. ದೇವರಿಗೆ ಸ್ತೋತ್ರ ಹೇಳಿ’ ಎಂದೆವು.

ಅಜ್ಜಿ ನಮ್ಮನ್ನು ಒಮ್ಮೆ ನೋಡಿ, ‘ಮೊದ್ಲು ಅಳಾಕ ಬಿಡ್ರಿ ಫಾದರ್. ಸ್ತೋತ್ರ ಆಮೇಲೆ ಹೇಳ್ತೀನಿ’ ಎಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ, ಅವಿಶ್ವಾಸವಂತೂ ಇರಲೇ ಇಲ್ಲ. ನಮಗೆ ಮಾತ್ರ ಬಳ್ಳಾರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಮುಖ ಬಿಸಿಯಾಗಿತ್ತು. ಆ ರಾತ್ರಿ ಪೌಲರ ಪತ್ರವನ್ನು ಮೊದಲಿನಿಂದ ಓದಿದೆವು. ಥೆಸಲೋನಿಕದವರು ಯಾವ ಸ್ಥಿತಿಯಲ್ಲಿದ್ದರೆಂಬುದನ್ನು ನಾವು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಅವರು ಸ್ವಂತ ಊರಿನವರಿಂದಲೇ ಹಿಂಸೆಗೊಳಗಾದವರು. ತಮ್ಮಲ್ಲಿ ತೀರಿಕೊಂಡವರಿಗಾಗಿ ದುಃಖಿಸುತ್ತಿದ್ದವರು. ನಿರೀಕ್ಷೆ ಇಲ್ಲದವರಂತೆ ದುಃಖಿಸಬಾರದೆಂದು ಪೌಲರು ಅವರಿಗೆ ತಿಳಿಹೇಳುತ್ತಾರೆ. ದುಃಖಿಸಲೇಬಾರದೆಂದು ಎಲ್ಲಿಯೂ ಹೇಳುವುದಿಲ್ಲ.

ಮೂಲ ಗ್ರೀಕ್ ಭಾಷೆಯಲ್ಲಿ ಪೌಲರ ಮಾತು ‘ಎಲ್ಲದರಲ್ಲಿ’ ಎಂದಿದೆ. ಕೇಡಿನ ನಡುವೆ ಇದ್ದುಕೊಂಡು ದೇವರಿಗೆ ಕೃತಜ್ಞರಾಗಿರುವುದು ಒಂದು, ಕೇಡಿಗಾಗಿಯೇ ದೇವರಿಗೆ ವಂದನೆ ಹೇಳುವುದು ಇನ್ನೊಂದು. ಆದರೆ ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ‘ಎಲ್ಲಕ್ಕಾಗಿ’ ಎಂಬ ಅರ್ಥದ ಮಾತೇ ಇದೆಯಲ್ಲ ಎಂದು ಬೈಬಲ್ ಬಲ್ಲ ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಸಂತ ಅಗಸ್ಟೀನರು ನೆರವಿಗೆ ಬರುತ್ತಾರೆ. ಕೇಡು ಎಂಬುದು ದೇವರು ಉಂಟುಮಾಡಿದ ಒಂದು ವಸ್ತುವಲ್ಲ, ಇರಬೇಕಾದ ಒಳಿತಿನ ಕೊರತೆ ಎಂಬುದು ಅವರ ವಿಚಾರ. ದೇವರು ಕೊಡದಿರುವ ವಸ್ತುವಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ? ಕೊಚ್ಚಿಹೋದ ಬೆಳೆಗಾಗಿ, ಕುಡುಕ ಗಂಡನ ಹೊಡೆತಕ್ಕಾಗಿ, ತೀರಿಕೊಂಡ ಮಗುವಿನ ಸಾವಿಗಾಗಿ ಸ್ತೋತ್ರ ಹೇಳಬೇಕೆಂದು ಯಾರಾದರೂ ಬೋಧಿಸಿದರೆ, ಅದು ಧರ್ಮಸಭೆಯ ಬೋಧನೆಯಲ್ಲ. ಹಾಗೆ ಬೋಧಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ನೊಂದವರ ಬಾಯಿಗೆ ‘ಸ್ತೋತ್ರ’ ಎಂಬ ಬಟ್ಟೆ ತುರುಕಿ ಅಳುವನ್ನು ಅಡಗಿಸುತ್ತಾರೆ. 2009ರಲ್ಲಿ ನಾವು ಮಾಡಿದ್ದೂ ಅದನ್ನೇ.

ಕೀರ್ತನೆಗಳ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ ‘ಸ್ತುತಿಗಳು’ ಎಂಬರ್ಥದ ಹೆಸರಿದೆ. ಆದರೆ ಅದರ ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಗೋಳಾಟಗಳೇ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಯ ಸಾಲಿನಲ್ಲಿಯೂ ಬೆಳಕಿಲ್ಲ. ಆದರೂ ಯೆಹೂದ್ಯರು ಅದನ್ನು ಸ್ತುತಿಗಳ ಗ್ರಂಥದಿಂದ ಹೊರಗಿಡಲಿಲ್ಲ. ದೇವರ ಎದುರಿಗೆ ತಂದು ಸುರಿದ ಕಣ್ಣೀರು ಸ್ತುತಿಯ ಒಂದು ಅಂಗವೆಂದು ಅವರು ತಿಳಿದಿದ್ದರು.

ಪ್ರಭು ಯೇಸುಕ್ರಿಸ್ತರು ಲಾಜರನ ಸಮಾಧಿಯ ಬಳಿ ಮಾಡಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಓದಿ ನೋಡಿರಿ. ಮೊದಲು ಅವರು ಅತ್ತರು. ಆಮೇಲೆ ಕಲ್ಲನ್ನು ಸರಿಸಿದಾಗ ಕಣ್ಣೆತ್ತಿ ತಂದೆಗೆ ಕೃತಜ್ಞತೆ ಸಲ್ಲಿಸಿದರು. ನಮ್ಮ ಅಜ್ಜಿ ಹೇಳಿದ ಕ್ರಮವೂ ಇದೇ ಆಗಿತ್ತು. ಅವರಿಗೆ ಓದುಬರಹ ಬರುತ್ತಿರಲಿಲ್ಲ.

ತಾವು ಹಿಡಿದುಕೊಡಲ್ಪಡುವ ರಾತ್ರಿಯಲ್ಲಿ ಪ್ರಭು ರೊಟ್ಟಿಯನ್ನು ಕೈಗೆತ್ತಿಕೊಂಡು ಕೃತಜ್ಞತಾಸ್ತುತಿ ಮಾಡಿದರು. ಪರಮಪ್ರಸಾದದ ಸಂಸ್ಕಾರಕ್ಕೆ ಆದಿ ಕ್ರೈಸ್ತರು ಇಟ್ಟ ‘ಯೂಖರಿಸ್ತಿಯ’ ಎಂಬ ಗ್ರೀಕ್ ಹೆಸರಿಗೆ ಕೃತಜ್ಞತಾಸ್ತುತಿ ಎಂದೇ ಅರ್ಥ. ಮರುದಿನದ ಶಿಲುಬೆ ಕಣ್ಣಮುಂದೆ ಇದ್ದಾಗ ಅವರು ಏತಕ್ಕಾಗಿ ವಂದನೆ ಸಲ್ಲಿಸಿದರು? ಯೂದನ ದ್ರೋಹಕ್ಕಾಗಿ ಖಂಡಿತ ಅಲ್ಲ. ಕೈಯಲ್ಲಿದ್ದ ರೊಟ್ಟಿಗಾಗಿ, ಆ ರೊಟ್ಟಿಯನ್ನು ಕೊಟ್ಟ ತಂದೆಯ ಕೈ ಆ ರಾತ್ರಿಯೂ ಹಿಂದೆಗೆಯಲಿಲ್ಲ ಎಂಬುದಕ್ಕಾಗಿ ಎಂದು ನಾವು ಅರ್ಥಮಾಡಿಕೊಂಡಿದ್ದೇವೆ.

ನಮ್ಮ ಧರ್ಮಕ್ಷೇತ್ರಕ್ಕೂ ಈ ವಿಷಯಕ್ಕೂ ಒಂದು ಹಳೆಯ ನಂಟಿದೆ. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರವಾದಾಗ ಅದರ ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಅವರು ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿಗಳಾಗಿದ್ದರು. ಆ ಸಭೆಯ ಸ್ಥಾಪಕರಾದ ಅಸ್ಸಿಸಿಯ ಸಂತ ಫ್ರಾನ್ಸಿಸರು ಸೃಷ್ಟಿಗಾಗಿ ದೇವರನ್ನು ಸ್ತುತಿಸುವ ತಮ್ಮ ಪ್ರಸಿದ್ಧ ಗೀತೆಯನ್ನು 1225ರಲ್ಲಿ ರಚಿಸಿದರು. ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಪರಿಸರವನ್ನು ಕುರಿತು ಹೊರಡಿಸಿದ ವಿಶ್ವಪತ್ರಕ್ಕೆ ‘ಲೌದಾತೊ ಸಿ’ ಎಂಬ ಹೆಸರು ಆ ಗೀತೆಯಿಂದಲೇ ಬಂದದ್ದು. ಸೂರ್ಯನನ್ನು ಸಹೋದರನೆಂದು ಕರೆದ ಆ ಗೀತೆಯನ್ನು ಕೇಳಿದವರು, ಸಂತರು ಬೆಟ್ಟದ ಮೇಲೆ ನಿಂತು ಸೂರ್ಯೋದಯ ನೋಡುತ್ತ ಹಾಡಿರಬೇಕೆಂದು ಭಾವಿಸುತ್ತಾರೆ. ನಿಜಸ್ಥಿತಿ ಬೇರೆ. ಆಗ ಅವರಿಗೆ ಕಣ್ಣುಬೇನೆ ವಿಪರೀತವಾಗಿತ್ತು, ದೃಷ್ಟಿ ಬಹುಮಟ್ಟಿಗೆ ಹೋಗಿತ್ತು; ಬೆಳಕು ಬಿದ್ದರೆ ಸಹಿಸಲಾಗದೆ ಸಾನ್ ದಮಿಯಾನೊ ಎಂಬಲ್ಲಿ ಕತ್ತಲ ಗುಡಿಸಲಿನಲ್ಲಿ ಮಲಗಿದ್ದರು. ತಾವು ನೋಡಲಾರದ, ತಮ್ಮನ್ನು ನೋಯಿಸುವ ಸೂರ್ಯನಿಗಾಗಿ ಅವರು ದೇವರನ್ನು ಕೊಂಡಾಡಿದರು. ಬಳ್ಳಾರಿಯ ಬಿಸಿಲಿನಲ್ಲಿ ಬೆಂದ ಆ ವಿದೇಶಿ ಮಿಷನರಿಗಳು ತಮ್ಮ ಸ್ಥಾಪಕರ ಗೀತೆಯನ್ನು ಎಷ್ಟು ಸಲ ನೆನೆದಿರಬಹುದೆಂದು ನಮಗೆ ಆಗಾಗ ಅನಿಸುತ್ತದೆ.

ಕೃತಜ್ಞತೆ ಕೇವಲ ಭಾವನೆಯಾದರೆ ಅದು ಭಾವನೆಯಂತೆಯೇ ಬರುತ್ತದೆ, ಹೋಗುತ್ತದೆ. ಸಂತ ತೋಮಸ್ ಅಕ್ವಿನಾಸರು ಅದನ್ನು ನ್ಯಾಯಕ್ಕೆ ಸೇರಿದ ಸದ್ಗುಣವೆಂದು ಎಣಿಸಿದರು. ಅವರ ಪ್ರಕಾರ ಅದಕ್ಕೆ ಮೂರು ಮೆಟ್ಟಿಲುಗಳು. ಪಡೆದ ಉಪಕಾರವನ್ನು ಉಪಕಾರವೆಂದು ಗುರುತಿಸುವುದು, ಬಾಯಿಬಿಟ್ಟು ಹೇಳುವುದು, ತಕ್ಕ ಸಮಯದಲ್ಲಿ ಶಕ್ತಿಗೆ ತಕ್ಕಂತೆ ಹಿಂದಿರುಗಿಸುವುದು. ಈ ಮೂರರಲ್ಲಿ ಹಿಂದಿರುಗಿಸದಿರುವುದೇ ದೊಡ್ಡ ಕೃತಘ್ನತೆ ಎಂದು ನಾವು ತಿಳಿಯುತ್ತೇವೆ. ತೋಮಸರು ಹಾಗೆನ್ನಲಿಲ್ಲ. ಪಡೆದದ್ದನ್ನು ಗುರುತಿಸದೇ ಇರುವುದು, ಮರೆತೇಬಿಡುವುದು ಎಲ್ಲಕ್ಕಿಂತ ಹೀನವಾದುದೆಂದರು. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರೂ ಹಿಂದಿರುಗಿ ಬಂದವನು ಒಬ್ಬ ಸಮಾರಿಯದವನು ಮಾತ್ರ ಎಂಬ ಪ್ರಸಂಗವನ್ನು ಸಂತ ಲೂಕರು ಹೇಳುತ್ತಾರೆ. ತಾನು ಗುಣವಾದುದನ್ನು ಕಂಡು ಅವನು ಹಿಂದಿರುಗಿದ ಎಂಬುದನ್ನು ಗಮನಿಸಿರಿ. ಮೊದಲು ಅವನು ಕಂಡ. ಸಂತ ಅಂತೋಣಿಯವರ ಮಂಗಳವಾರದ ನೊವೇನಾಕ್ಕೆ ಬೇಡಿಕೆಯ ಚೀಟಿ ತರುವವರು ನೂರು ಮಂದಿಯಾದರೆ, ಈಡೇರಿದ ಬೇಡಿಕೆಗೆ ವಂದನೆಯ ಚೀಟಿ ತರುವವರು ಬೆರಳೆಣಿಕೆ. ಹೊಸ ಬೈಕು ಆಶೀರ್ವದಿಸಲು ಮಾತ್ರ ಎಲ್ಲರಿಗೂ ನೆನಪಿರುತ್ತದೆ!

ಕಾಣುವುದೆಂದರೇನೆಂಬುದಕ್ಕೆ ನಮ್ಮ ಭಾಗದ್ದೇ ಒಂದು ನಿದರ್ಶನ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ನೀರನ್ನೇ ನಂಬಿದ ರೈತರ ಎದೆ ಒಡೆದಿತ್ತು. ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಗಳನ್ನು ಇಳಿಸಿ ತಂತ್ರಜ್ಞರೂ ಕಾರ್ಮಿಕರೂ ಸುಮಾರು ಒಂದು ವಾರದಲ್ಲಿ ಆ ಬಾಯನ್ನು ಮುಚ್ಚಿದರು. ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ನಮ್ಮ ಜನ ಮಳೆಗಾಗಿ ದೇವರಿಗೆ ಸ್ತೋತ್ರ ಹೇಳಿದರು, ಸರಿಯೇ. ಆದರೆ ಜಲಾಶಯದ ಮೇಲೆ ತೂಗುತ್ತ ಜೀವ ಪಣಕ್ಕಿಟ್ಟು ದುಡಿದವರಿಗಾಗಿ ಎಷ್ಟು ಮನೆಗಳಲ್ಲಿ ಜಪಸರ ಪ್ರಾರ್ಥನೆಯಾಯಿತು? ದೇವರು ಮನುಷ್ಯರ ಕೈಗಳ ಮೂಲಕ ಕೊಡುತ್ತಾರೆಂದು ಬೋಧಿಸುವ ನಾವೇ ಆ ಭಾನುವಾರ ಪ್ರಬೋಧನೆಯಲ್ಲಿ ಅವರ ಹೆಸರೆತ್ತಲಿಲ್ಲ. ಅದು ಹೊಳೆದದ್ದು ತಿಂಗಳ ನಂತರ, ಊಟದ ತಟ್ಟೆಯ ಮುಂದೆ.

ಮೂರನೆಯ ಮೆಟ್ಟಿಲು ಇನ್ನೂ ಕಠಿಣ. ಊಟದ ಮೊದಲು ಶಿಲುಬೆಯ ಗುರುತು ಮಾಡಿ ಅನ್ನಕ್ಕಾಗಿ ದೇವರನ್ನು ವಂದಿಸುತ್ತೇವೆ. ಸಿರುಗುಪ್ಪದ ಗದ್ದೆಯಲ್ಲಿ ಬೆನ್ನು ಬಾಗಿಸಿ ಸಸಿ ನೆಟ್ಟ ಹೆಂಗಸರಿಗೆ ಆ ಅನ್ನದಲ್ಲಿ ಸಲ್ಲಬೇಕಾದುದು ಸಂದಿದೆಯೇ? ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ರಾತ್ರಿ ಹೊಲಿದವರ ಕೂಲಿಯನ್ನು ವಾರಕ್ಕೆ ಸರಿಯಾಗಿ ಕೊಡದವರು, ಭಾನುವಾರ ಹಾರ್ಮೋನಿಯಂ ಬಾರಿಸಿ ಸ್ತುತಿಗೀತೆ ಹಾಡಿದರೆ ಅದು ಎಲ್ಲಿಯವರೆಗೆ ಕೇಳಿಸೀತು? ಮನೆಗೆಲಸದವಳಿಗೆ ಕ್ರಿಸ್ಮಸ್ಸಿಗೆ ಹಳೆಯ ಸೀರೆ ಕೊಟ್ಟು ಪುಣ್ಯ ಲೆಕ್ಕ ಹಾಕುವವರೂ ನಮ್ಮಲ್ಲಿದ್ದಾರೆ. ಅದು ಕೃತಜ್ಞತೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಬೇಕು.

ಹಾಗಾದರೆ ‘ಸದಾ’ ಎಂಬ ಮಾತನ್ನು ಪಾಲಿಸುವುದು ಹೇಗೆ? ಇಡೀ ದಿನ ತುಟಿ ಅಲುಗಿಸುತ್ತಿರಲು ಮಠವಾಸಿಗಳಿಗೂ ಆಗದು. ಸಂತ ಇಗ್ನಾಸಿಯವರು ದಿನದ ಕೊನೆಯ ಆತ್ಮಶೋಧನೆಗೆ ಕ್ರಮ ಹಾಕಿಕೊಟ್ಟಾಗ, ಪಾಪಗಳ ಎಣಿಕೆಗಿಂತ ಮೊದಲು ಪಡೆದ ಉಪಕಾರಗಳಿಗಾಗಿ ದೇವರನ್ನು ವಂದಿಸಬೇಕೆಂದರು. ಇದು ಯಾವ ಮನೆಯಲ್ಲಾದರೂ ಆಗಬಹುದಾದ ಕೆಲಸ. ಕುರುಗೋಡಿನಲ್ಲಿ ಒಂದು ಕುಟುಂಬ ರಾತ್ರಿ ಜಪಸರ ಮುಗಿದ ಮೇಲೆ ಇದನ್ನು ಮಾಡುವುದನ್ನು ಕಂಡೆವು. ಪ್ರತಿಯೊಬ್ಬರೂ ಆ ದಿನದ ಒಂದು ಉಪಕಾರವನ್ನು ಹೆಸರಿಸಬೇಕು, ಒಂದೇ ಒಂದು. ನಾವು ಹೋದ ದಿನ ಮನೆಯ ಯಜಮಾನರು ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿಗೆ ಸಾಗಿಸಿ, ಖರ್ಚೂ ಹುಟ್ಟದ ಬೆಲೆಗೆ ಮಾರಿ ಬಂದಿದ್ದರು. ಚಿಕ್ಕ ಮಗು, ‘ಕರೆಂಟು ಬಂತು’ ಎಂದಿತು. ತಾಯಿ, ನೆರೆಮನೆಯ ಬಸಮ್ಮನಂಥವರೊಬ್ಬರು ತಂದುಕೊಟ್ಟ ರೊಟ್ಟಿಯನ್ನು ನೆನೆದರು. ಯಜಮಾನರ ಸರದಿ ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇವತ್ತು ನನಗೇನೂ ಕಾಣವಲ್ದು’ ಎಂದರು. ಯಾರೂ ಅವರನ್ನು ಒತ್ತಾಯಿಸಲಿಲ್ಲ. ಅವರ ಪಾಲಿನದನ್ನು ಅಂದು ಹೆಂಡತಿಯೇ ಹೇಳಿದರು: ‘ಲಾರಿಯಾಗ ಹೋಗಿ ಸುಖವಾಗಿ ಬಂದ್ರಲ್ಲ.’ ಅವರು ತಲೆಯಾಡಿಸಿದರು. ನಮಗೆ ಆ ಮೌನವೂ ಪ್ರಾರ್ಥನೆಯ ಒಳಗೇ ಇದ್ದಂತೆ ತೋರಿತು. ಒಬ್ಬರಿಗೆ ಸ್ತುತಿ ಬಾರದ ದಿನ ಇನ್ನೊಬ್ಬರು ಅವರ ಪರವಾಗಿ ಸ್ತುತಿಸುವುದಕ್ಕಾಗಿಯೇ ಕುಟುಂಬವಿದೆ, ಧರ್ಮಸಭೆಯೂ ಇದೆ.

ಸಿರುಗುಪ್ಪದ ಅಜ್ಜಿ ಮರುವರ್ಷ ಬಳ್ಳಾರಿಗೆ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ, ಒಂದು ಪೂಜೆ ಬರೆದುಕೊಳ್ಳಿರಿ ಎಂದರು. ಕೃತಜ್ಞತಾ ಪೂಜೆಯೋ, ತೀರಿಕೊಂಡವರಿಗಾಗಿಯೋ ಎಂದು ವಾಡಿಕೆಯಂತೆ ಕೇಳಿದೆವು. ‘ಸ್ತೋತ್ರದ ಪೂಜಿ ಬರೀರಿ. ಆವತ್ತಿಂದು ಬಾಕಿ ಐತಿ’ ಎಂದರು. ಬೆಳೆ ಹೇಗಿದೆಯೆಂದು ವಿಚಾರಿಸಿದೆವು. ‘ಏನೋ, ನಡೀತೈತ್ರಿ ಫಾದರ್’ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.